ಕಾಕಾ ಹತ್ತದ ಎಂಜಿನ್

ಮೊದಲು ತಪ್ಪೊಪ್ಪಿಗೆ. ನಾನೊಮ್ಮೆ ಉಗಿ ಎಂಜಿನ್ನನ್ನು ನಮ್ಮಜ್ಜಿ ಮನೆಯ ಬಚ್ಚಲ ಹಂಡೆ ಅಂದುಕೊಂಡಿದ್ದೆ.

ಮೊನ್ನೆ ಕಪಾಟಿನ ತಳದಿಂದ ನನ್ನ ಹಳೆಯ ನೀಲಿ ಓವರಾಲ್ ಎಳೆದಾಗ ಕಲ್ಲಿದ್ದಲ ಹೊಗೆ, ಸುಟ್ಟ ಎಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ‘ಏ ಮಂಗ್ಯಾ’ ಎಂಬ ಕಾಕಾರ ದನಿಯೂ ಬಂತು…

ಕಾಕಾ ಅಂದರೆ ನೆದರ್ಲೆಂಡ್ಸಿನ ನೈಮೆಗನ್ ಊರಿನ ನಮ್ಮ ಫ್ಲಾಟಿನಲ್ಲಿ ಮೇಲಿನ ಮನೆಯ ಅಕ್ಕನ ಅಪ್ಪ. ಹುಬ್ಬಳ್ಳಿಯವರು. ರೈಲ್ವೆಯಲ್ಲಿ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತ ಕೆಲಸಕ್ಕೆ ಸೇರಿ, ಡೀಸೆಲ್ ಓಡಿಸಿ ನಿವೃತ್ತರಾದವರು. ಮೂರು ತಿಂಗಳಿಗೆಂದು ಮಗಳ ಮನೆಗೆ ಬಂದಿದ್ದರು. ಕೊರೊನಾ ಬಂದು ವಿಮಾನ ನಿಂತಿತು, ಕಾಕಾ ಇಲ್ಲೇ ಸಿಕ್ಕಿಬಿದ್ದರು. ಆ ಸಿಟ್ಟು ತೀರಿಸಿಕೊಳ್ಳಲೆಂದೇ ದೇವರು ಕೆಳಗಿನ ಮನೆಯಲ್ಲಿ ನನ್ನನ್ನು ಇಟ್ಟಿದ್ದ. ನನ್ನ ಕೂದಲು ಅವರಿಗೆ ಆಗುತ್ತಿರಲಿಲ್ಲ. ನನ್ನ ನಗು ಕೇಳಿದರಂತೂ ಮೈ ಉರಿಯುತ್ತಿತ್ತು. ನನಗೂ ಅವರೆಂದರೆ ಅಷ್ಟಕ್ಕಷ್ಟೇ. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳಿದರೆ ಕಸದ ಚೀಲದ ಸಮೇತ ವಾಪಸ್ ಒಳಗೆ ಓಡುತ್ತಿದ್ದೆ.

ಶನಿವಾರಗಳಂದು ನಾನೊಂದು ಹಳೆಯ ಬ್ರಾಂಚ್ ಲೈನಿಗೆ ಹೋಗುತ್ತಿದ್ದೆ. ಮಾಮೂಲಿ ರೈಲು ನಿಂತುಹೋಗಿದ್ದ ಆ ಹಳಿಯ ಮೇಲಿನ ಹುಲ್ಲು ಕಿತ್ತು, ತುಕ್ಕು ಹಿಡಿದ ಎಂಜಿನ್ ರಿಪೇರಿ ಮಾಡಿ, ಸ್ವಯಂಸೇವಕರೇ ಉಗಿಗಾಡಿ ಓಡಿಸುತ್ತಿದ್ದರು. ನಾನು ಸೇರಿದ್ದು ಅಲ್ಲಿ ಕಾಫಿ ಜೊತೆ ಕೊಡುವ ಸ್ಟ್ರೋಪ್‌ವಾಫಲ್ ಎಂಬ ಸಿಹಿ ಬಿಸ್ಕತ್ತಿನ ಆಸೆಗೆ. “ಅಪ್ಪ ಮನ್ಯಾಗ ಕುಂತು ಕುಂತು ಗ್ವಾಡಿ ಜೋಡಿ ಜಗಳಾಡಾಕತ್ತಾರ, ಕರಕೊಂಡ ಹೋಗೋ” ಎಂದು ಅಕ್ಕ ಅಂದಿದ್ದಕ್ಕೆ ಅವರನ್ನೂ ಕರೆದೊಯ್ದೆ. ಡಚ್ಚಿನ ಒಂದಕ್ಷರ ಬಾರದ ಕಾಕಾ ಎಂಜಿನ್ನಿಗೆ ಪ್ರದಕ್ಷಿಣೆ ಹಾಕಿದರು. ಸುತ್ತಿಗೆ ಇಸಿದುಕೊಂಡು ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು, ಸಡಿಲವಾದ ಒಂದು ಬೋಲ್ಟನ್ನು ತೋರಿಸಿದರು. ಅಲ್ಲಿನ ಡ್ರೈವರ್ ಟೋಪಿ ತೆಗೆದುಬಿಟ್ಟ. ಮುಂದಿನ ಶನಿವಾರದ ಗಾಡಿಯಲ್ಲಿ ಕಾಕಾ ತನ್ನ ಪಕ್ಕ ನಿಂತು ಕಲ್ಲಿದ್ದಲು ಹಾಕಲಿ ಎಂದ. ವಿಮಾನ ಮತ್ತೆ ಶುರುವಾಗಿ, ಅದಾದ ಮಂಗಳವಾರಕ್ಕೆ ಕಾಕಾಗೆ ಊರಿಗೆ ಟಿಕೆಟ್ ಸಿಕ್ಕಿತ್ತು. ಅಂದರೆ ಇದ್ದದ್ದು ಆ ಒಂದೇ ಶನಿವಾರ. ಕಾಕಾ ಹೊಸ ಓವರಾಲ್ ತರಿಸಿ ತಾವೇ ಇಸ್ತ್ರಿ ಹಾಕಿದರು.

ಶುಕ್ರವಾರ ಬೆಳಿಗ್ಗೆ ಎಂಜಿನ್ ಬಿಸಿ ಮಾಡುವ ಪಾಳಿ ನನ್ನದು. ಕೊರೊನಾ ನಿಯಮದಿಂದ ಶೆಡ್ಡಿನಲ್ಲಿ ಒಬ್ಬರೇ ಇರಬೇಕಿತ್ತು. ಡ್ರೈವರ್ ಕಟ್ಟಿಗೆಯ ಸಣ್ಣ ಬೆಂಕಿ ಹಚ್ಚಿಕೊಟ್ಟು, ದಿನವಿಡೀ ಒಂದೊಂದೇ ತುಂಡು ಹಾಕು ಎಂದು ಹೇಳಿ, ಆಚೆ ಬೋಗಿಗಳ ಸೀಟು ಒರೆಸಲು ಹೋದ. “ಸಾವಕಾಶ ಕಾಯಿಸು, ಅವಸರ ಮಾಡಬ್ಯಾಡ” ಎಂದು ಕಾಕಾ ಫೋನಿನಲ್ಲೂ ಹೇಳಿದ್ದರು.

ನನಗೇ ಪಾಠವೇ? ತೆಂಗಿನ ಮಟ್ಟೆ ತುರುಕಿ ಇಪ್ಪತ್ತು ನಿಮಿಷದಲ್ಲಿ ಇಡೀ ಮನೆಗೆ ಸ್ನಾನದ ನೀರು ಕಾಯಿಸಿದ ವೀರ ನಾನು! ಇಷ್ಟಕ್ಕೂ ಚಿಪ್ ಕಂಪನಿಯಲ್ಲಿ ನನ್ನ ಕೆಲಸವೇ ಕುಲುಮೆಯ ಬಿಸಿಯನ್ನು ನಿಧಾನವಾಗಿ ಏರಿಸುವುದು. ಆ ಬುದ್ಧಿಯನ್ನು ಆಫೀಸಿನ ಲಾಕರಿನಲ್ಲೇ ಬಿಟ್ಟು ಬಂದಿದ್ದೆ. ಇದ್ದಬದ್ದ ಕಟ್ಟಿಗೆ ತುಂಬಿ, ಮೇಲೆ ಕಲ್ಲಿದ್ದಲು ಸುರಿದು, ಧಗಧಗ ಉರಿಯುವುದನ್ನು ವಿಡಿಯೋ ಮಾಡಿ ಕಾಕಾಗೇ ಕಳಿಸಿದೆ. ಫೋನ್ ತಕ್ಷಣ ಬಂತು.

“ಏ ಖೋಡಿ! ಬೆಂಕಿ ತಗಿ ಹೊರಗ! ಬಾಯ್ಲರ್ ಅಂದ್ರ ನಿಮ್ಮಜ್ಜಿ ಹಂಡೆ ಅಂತ ತಿಳದಿಯೇನ?”

ನಮ್ಮಜ್ಜಿಯ ಹಂಡೆ ಅವರಿಗೆ ಹೇಗೆ ಗೊತ್ತಾಯಿತೋ… ತಣ್ಣಗಿದ್ದ ಕಬ್ಬಿಣ ಒಮ್ಮೆಲೇ ಕಾದರೆ ಒಳಗಿನ ಕೊಳವೆಗಳ ಬಾಯಿ ಸಡಿಲಾಗುತ್ತದಂತೆ. ಬಗ್ಗಿ ನೋಡಿದೆ. ಕೊಳವೆಗಳ ಅಂಚಿನಿಂದ ನೀರು ಬೆಂಕಿಯ ಮೇಲೆ ಚುಂಯ್ ಚುಂಯ್ ಎಂದು ಸೋರುತ್ತಿತ್ತು. ಶನಿವಾರದ ಗಾಡಿ ರದ್ದಾಯಿತು.

ಮರುದಿನ ಬೆಳಿಗ್ಗೆ ಕಾಕಾ ಮೆಟ್ಟಿಲಲ್ಲಿ ಎದುರಾದರು. ಇಸ್ತ್ರಿಯ ಓವರಾಲ್ ತೊಟ್ಟೇ ಇದ್ದರು. ನನ್ನ ಬಾಯಿಂದ ಬಂದದ್ದು ಇಷ್ಟು: “ಏನಾದ್ರೂ ಹೇಳಿ ಕಾಕಾ, ಸ್ನಾನಕ್ಕೆ ನೀರಂತೂ ಚೆನ್ನಾಗಿ ಕಾದಿತ್ತು.”

“ಸರಿ ಆ ಕಡೆ. ಮಾರಿ ತೋರಸಬ್ಯಾಡ” ಅಂದರು. ಮಂಗಳವಾರ ಸೂಟ್‌ಕೇಸ್ ಇಳಿಸಿಕೊಡಲು ಹೋದರೆ ನನ್ನ ಕೈ ತಳ್ಳಿ, ತಾವೇ ಎಳೆದುಕೊಂಡು ಇಳಿದರು. ಒಂದೊಂದು ಮೆಟ್ಟಿಲಿಗೂ ಧಡ್, ಧಡ್…

ನಾನು ಸುಮ್ಮನಿರುವ ಜಾತಿಯಲ್ಲ. ಕನ್ನಡ ಬಳಗದ ರಾಜ್ಯೋತ್ಸವ ಆ ವರ್ಷ ಝೂಮಿನಲ್ಲಿ ನಡೆಯಿತು. ಹಂಡೆಯ ಕತೆಯನ್ನೇ ಹಾಸ್ಯ ಕಾರ್ಯಕ್ರಮ ಮಾಡಿದೆ. ನನ್ನ ಹೊಗೆಗೆ ಗಾಳಿಯಂತ್ರಗಳೇ ಕೆಮ್ಮಿದವು ಎಂದೆ. ವಾಗೆನಿಂಗನ್ ಕೃಷಿ ವಿಶ್ವವಿದ್ಯಾಲಯದವರು ಬೆಳೆಗೆ ಹೊಸ ರೋಗ ಬಂತೆಂದು ಸಂಶೋಧನೆಗೆ ಹೊರಟರು ಎಂದೆ. ಮ್ಯೂಟ್ ತೆಗೆದು ಎಲ್ಲರೂ ನಕ್ಕರು. ಮೂಲೆಯ ಚೌಕದಲ್ಲಿ ಹುಬ್ಬಳ್ಳಿಯಿಂದ ಕಾಕಾ ಕೂತಿದ್ದರು. ನಗು ಜೋರಾಗಿದ್ದಾಗ ಆ ಚೌಕ ಕಪ್ಪಾಯಿತು. ಮುದುಕನಿಗೆ ಹಾಸ್ಯವೇ ಗೊತ್ತಿಲ್ಲ ಅಂದುಕೊಂಡೆ.

ಎರಡನೇ ಅಲೆಯಲ್ಲಿ ಕಾಕಾ ಹೋದರು. ಅಕ್ಕನಿಗೆ ಊರಿಗೆ ಹೋಗಲು ಆಗಲಿಲ್ಲ, ಎಲ್ಲವನ್ನೂ ಫೋನಿನಲ್ಲೇ ನೋಡಿದರು.

ಮೊನ್ನೆ ಆ ಓವರಾಲ್ ಹಿಡಿದು ಅಕ್ಕನ ಮನೆಗೆ ಹೋದೆ. ಬಾಗಿಲಲ್ಲೇ, ಅಭ್ಯಾಸಬಲದಿಂದ, ಹಂಡೆಯ ಕತೆ ಶುರು ಮಾಡಿದೆ. ಅಕ್ಕ ನಗಲಿಲ್ಲ. ಓವರಾಲಿನ ತೋಳನ್ನು ಮೂಗಿಗೆ ಹಿಡಿದು ಮೂಸಿದರು.

“ಎಂಜಿನ್ ಸೋರಿದ್ದಕ್ಕ ಅಪ್ಪಗ ಸಿಟ್ಟಿರಲಿಲ್ಲಪಾ” ಅಂದರು. “ಹೊಸಬ್ರು ಹಿಂಗ ಮಾಡತಾರ ಅಂತಿದ್ರು. ಆದ್ರ ಪ್ರತಿಸಲ ಫೋನ್ ಮಾಡಿದಾಗ ಒಂದ ಮಾತು ಕೇಳತಿದ್ರು, ‘ಕೆಳಗಿನ ಮಂಗ್ಯಾ ತಪ್ಪಾತು ಅಂದನೇನ?’ ಅಂತ. ನಾ ಏನ್ ಹೇಳ್ಲೋ? ‘ಇಲ್ಲಪ್ಪಾ, ಇವತ್ತೂ ಜೋಕ್ ಹೇಳಿದ’ ಅಂತಿದ್ದೆ.”