ಎಮ್ಮೆಯ ಪಕ್ಕದಲ್ಲಿ ಓದಿದ ಕರಡು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಚಿಕ್ಕೋಡಿ ಕಡೆಯ ಒಂದು ಪುರಸಭೆಯಲ್ಲಿ ಗುಮಾಸ್ತನಾಗಿದ್ದೆ. ಹೊಸ ನಿಯಮ ತರುವ ಮುಂಚೆ ಅದರ ಕರಡನ್ನು ಜನರಿಗೆ ತಿಳಿಸಿ ತಕರಾರು ಕೇಳಬೇಕಿತ್ತು. ನಾವು ಅದನ್ನು ಕಚೇರಿಯ ಕತ್ತಲೆ ಪಡಸಾಲೆಯಲ್ಲಿ ಅಂಟಿಸಿ, ತಿಂಗಳಾದ ಮೇಲೆ ‘ತಕರಾರು ಬಂದಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆವು. ಓದದವರು ತಕರಾರು ಎಲ್ಲಿಂದ ತರಬೇಕು?

ಹೊಸದಾಗಿ ಬಂದ ಮುಖ್ಯಾಧಿಕಾರಿಗೆ ಇದು ಸರಿಬರಲಿಲ್ಲ. ಪೇಟೆಗೆ ಎಮ್ಮೆ ತಂದು ಗಿರಾಕಿಗಳ ಎದುರೇ ಹಾಲು ಕರೆಯುವುದನ್ನು ನಿಲ್ಲಿಸುವ ಕರಡು ತಯಾರಾದಾಗ, “ಎಮ್ಮಿ ನಿಂದ್ರೂ ಜಾಗಾದಾಗ ಹೋಗಿ ಓದ್ರಿ, ಕನ್ನಡದಾಗೂ ಮರಾಠಿಯೊಳಗೂ,” ಎಂದರು.

ಬೆಳಿಗ್ಗೆ ಹೋಗಿ ಓದಿದೆ. ಹಾಲು ಕರೆಯುತ್ತಿದ್ದ ಮುದುಕಿ ತಲೆ ಎತ್ತದೆಯೇ, “ಮನ್ಯಾಗ ಹಿಂಡಿ ತಂದ್ರ ನೀರ್ ಹಾಕೀ ಅಂತೀರಿ. ಕಣ್ಣ ಮುಂದ ಹಿಂಡಿದ್ರ ಕಾಯ್ದೆ ತೋರಸ್ತೀರಿ. ಏನ್ ಮಾಡೂಣ್ರಿ?” ಎಂದಳು. ಪಾತ್ರೆ ಹಿಡಿದು ನಿಂತವರೆಲ್ಲ ನಕ್ಕು ಅವಳ ಪರ ವಹಿಸಿದರು.

ಮರುದಿನವೇ ತಕರಾರು ಅರ್ಜಿಗಳು ಬಂದವು. ಸಾಹೇಬರು ಖುಷಿಯಿಂದ ಮೇಲಿನದನ್ನು ಎತ್ತಿಕೊಂಡು ಓದಿದರು. ಸಹಿ ನೋಡಿ ಅರ್ಜಿಯನ್ನು ನನ್ನ ಕಡೆ ತಿರುಗಿಸಿದರು.

“ನಮ್ಮ ಮನಿಯವರದು,” ಎಂದು ನಕ್ಕರು. “ಮುಂಜಾನೆ ಚಾ ಕೊಡುವಾಗ ಇದರ ಬಗ್ಗೆ ಒಂದ್ ಮಾತೂ ಆಡಲಿಲ್ಲ ನೋಡ್ರಿ. ಪದ್ಧತಿ ಪ್ರಕಾರನ ಬಂದಾರ!”