ತರಗತಿಯಲ್ಲಿ ಸೊಟ್ಟಗಾದ ರಸ್ತೆ

“ಮೊದ್ಲು ಕೂತ್ಕಳಪ್ಪ. ಆಮೇಲೆ ನಮ್ಮನೆ ಕೆಡವೀಯಂತೆ.”

ತಲೆ ಮೇಲೆ ದುಪಟ್ಟಾ ಹೊದ್ದು ನೆಲದ ಮೇಲೆ ಕೂತಿದ್ದ ಅಜ್ಜಿ ಹೀಗೆಂದ ತಕ್ಷಣ ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅಜ್ಜಿ ಅಂದರೆ ಬೆಳುಗುಪ್ಪದ ಶಿಲ್ಪಾ, ವರ್ಷವಿಡೀ ತುಟಿ ಬಿಚ್ಚದ ಹುಡುಗಿ. ನಾನು ಹಿಂದೂಪುರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ವಿಭಾಗದ ಮೇಷ್ಟ್ರು. ಮಾನವ ಹಕ್ಕುಗಳ ಪಾಠವೆಂದರೆ ಮಕ್ಕಳು ತೂಕಡಿಸುತ್ತಾರೆ ಅಂತ ಅವತ್ತು ನಾಟಕ ಆಡಿಸಿದ್ದೆ. ಊರೊಳಗೆ ರಸ್ತೆ ಹಾಕಲು ಬಂದ ಎಂಜಿನಿಯರ್ ಪಾತ್ರ ಲೇಪಾಕ್ಷಿಯ ಮಂಜನದು.

ಮಂಜ ಕಕ್ಕಾಬಿಕ್ಕಿಯಾಗಿ ಕೂತ. ಅಜ್ಜಿ ಅವನ ಊರು, ಅಪ್ಪ, ಅಮ್ಮ ಎಲ್ಲ ವಿಚಾರಿಸಿ, “ಕಾಫಿ ತಾಗು ನಾಯನಾ, ಕುಡಿಯಪ್ಪ” ಎಂದು ತೆಲುಗು ಬೆರೆಸಿ ಉಪಚರಿಸುತ್ತಾ ಇಲ್ಲದ ಲೋಟವನ್ನು ಚಾಚಿದಳು. ಅವನು ಅದನ್ನು ಊದಿ ಊದಿ ಕುಡಿದ. ಆಮೇಲೆ ಎದ್ದು ಹೋಗಿ, ಬೋರ್ಡಿನ ಮೇಲೆ ತಾನೇ ಎಳೆದಿದ್ದ ರಸ್ತೆಯನ್ನು ಅಳಿಸಿ, ಅಜ್ಜಿ ಮನೆಯನ್ನು ಬಳಸಿಕೊಂಡು ಹೋಗುವಂತೆ ಮತ್ತೆ ಬರೆದ.

“ಇದೇನ್ಲಾ, ರಸ್ತೆ ಸೊಟ್ಟಗಾಗ್ಬುಡ್ತು!” ಎಂದು ಹಿಂದಿನ ಬೆಂಚಿನವರು ಕೂಗಿದರು.

“ಆಗ್ಲಿ ಕಣ್ರಲಾ, ಅಜ್ಜಿ ಕಾಫಿ ಕೊಟ್ಟವ್ರೆ!” ಎಂದ ಮಂಜ.

ಗಂಟೆ ಹೊಡೆದ ಮೇಲೆ ಶಿಲ್ಪಾಳನ್ನು ಕರೆದು, ಈ ಮಾತೆಲ್ಲ ಎಲ್ಲಿ ಕಲಿತೆಯಮ್ಮ ಎಂದು ಕೇಳಿದೆ. ಅವಳು ದುಪಟ್ಟಾ ಸರಿಮಾಡಿಕೊಳ್ಳುತ್ತಾ, “ನಮ್ಮಜ್ಜಿ ಮನೆ ರಸ್ತೆಗೆ ಹೋಯ್ತು ಸಾರ್. ಕೂತು ಮಾತಾಡಕ್ಕೆ ಯಾರೂ ಬರ್ಲಿಲ್ಲ” ಎಂದಳು.

ಮೊನ್ನೆ ಸರ್ವೆ ಕಲಿಸಲು ಹುಡುಗರನ್ನು ಪಕ್ಕದ ಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಮಂಜ ಒಂದು ಮನೆ ಬಾಗಿಲು ತಟ್ಟಿ, ಅಂಗಳದಲ್ಲಿ ಸರ್ವೆ ಯಂತ್ರದ ಸ್ಟ್ಯಾಂಡ್ ನಿಲ್ಲಿಸಬಹುದಾ ಎಂದು ಕೇಳಿದ. ಮನೆಯಾಕೆ ಬೇಡ ಎಂದರು. ಅವನು ನಗುತ್ತಲೇ ಸ್ಟ್ಯಾಂಡನ್ನು ಹೆಗಲಿಗೇರಿಸಿಕೊಂಡು ಆಚೆಗೆ ನಡೆದ.