ಅತ್ತೆಗೊಂದು ಜಪಾನಿ ಮಾತು, ನನಗೊಂದು

ಫ್ರೆಂಡ್ಸ್, ನನಗಿನ್ನೂ ನಂಬಲಾಗುತ್ತಿಲ್ಲ! ಜಪಾನಿ ಹಡಗಿನ ಕೆಲಸದಿಂದ ರಜೆಗೆ ಕುಮಟಾಕ್ಕೆ ಬಂದಿರುವ ನನ್ನವರು ಟೇಪ್‌ರೆಕಾರ್ಡರ್ ಜೊತೆ ಆ ಭಾಷೆಯನ್ನೂ ಸ್ವಲ್ಪ ತಂದಿದ್ದಾರೆ. ಇವತ್ತು ಬೆಳಿಗ್ಗೆ ಅತ್ತೆ ಬಂಗಡೆಯನ್ನು ಮತ್ತೆ ಮತ್ತೆ ತೊಳೆಯುತ್ತಿದ್ದಾಗ, "ಅಮ್ಮ ಕಿಚೋಮೆನ್" ಎಂದರು. ಹಾಗೆಂದರೆ ಬಲು ಅಚ್ಚುಕಟ್ಟಿನವರಂತೆ. ಮಧ್ಯಾಹ್ನ ನಾನು ಇವರದೇ ತಟ್ಟೆಯನ್ನು ಇನ್ನೊಮ್ಮೆ ತೊಳೆದೆ, ಅಷ್ಟೇ. "ನೀನು ಶಿಂಕೇಶಿತ್ಸು" ಎಂದರು. ಅರ್ಥ ಕೇಳಿದರೆ, ಸಣ್ಣದಕ್ಕೂ ತಲೆಕೆಡಿಸಿಕೊಂಡು ಉಳಿದವರ ಜೀವ ತಿನ್ನುವವಳಂತೆ! ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ. ನನ್ನ ಕಣ್ಣು ತುಂಬಿತು.

ಅಡುಗೆಮನೆಯಿಂದ ಅತ್ತೆ ಹೊರಗೆ ಬಂದು, ನನ್ನತ್ತ ಕೈ ತೋರಿಸಿ ಮಗನನ್ನು ಕೇಳಿದರು. "ತಮಾ, ನಾ ತೊಳದ್ರೆ ಚಂದ, ಅದು ತೊಳದ್ರೆ ಕಿರಿಕಿರಿಯಾ? ನಾಳೆ ಮೀನು, ಪಾತ್ರೆ ಎಲ್ಲಾ ನೀನೇ ತೊಳಿ. ನಿಂಗೆ ಎಂತ ಹೆಸ್ರು ಇಡೂದು ಅಂತ ನಾವಿಬ್ರೂ ಕೂತು ನೋಡ್ವಾ."

ಆಗಿನಿಂದ ನನ್ನವರು ಎರಡೂ ಭಾಷೆಯಲ್ಲಿ ಮೌನವಾಗಿದ್ದಾರೆ.